ಮುರುಗಲ ಸಿರಪ್ಪಿಗೆ ‘ಆಂಟಿಆಕ್ಸಿಡೆಂಟ್ 85%’: ಟೆಸ್ಟಿನ ಬಣ್ಣ ನಿಜವಾಗಿ ಏನು ಹೇಳುತ್ತದೆ?

ಪ್ರಶ್ನೆ: ಮೇಡಂ, ನಾವು ಶಿರಸಿ ತಾಲ್ಲೂಕಿನ ಒಂದು ಹಳ್ಳಿಯ ಮಹಿಳಾ ಸಂಘದವರು. ಬೆಟ್ಟದಿಂದ ಮುರುಗಲ (ಕೋಕಂ) ಹಣ್ಣು ತಂದು ಸಿರಪ್ ಮಾಡಿ ಮಾರುತ್ತೇವೆ. ಮೇ ತಿಂಗಳಲ್ಲಿ ಒಂದು ಲ್ಯಾಬಿಗೆ ಕೊಟ್ಟಾಗ ‘ಡಿಪಿಪಿಎಚ್ ವಿಧಾನ, 85%’ ಎಂದು ವರದಿ ಬಂತು. ಎಲ್ಲರಿಗೂ ಖುಷಿಯಾಯಿತು. ಆಗಸ್ಟ್‌ನಲ್ಲಿ ಅದೇ ಅಳತೆಯಲ್ಲಿ ಮಾಡಿದ ಇನ್ನೊಂದು ಬ್ಯಾಚನ್ನು ಬೇರೆ ಲ್ಯಾಬಿಗೆ ಕೊಟ್ಟೆವು. ಅಲ್ಲಿ ಡಿಪಿಪಿಎಚ್ 60% ಬಂತು. ಜೊತೆಗೆ ಎಬಿಟಿಎಸ್ ಅಂತ ಇನ್ನೊಂದು ಸಂಖ್ಯೆ ಕೊಟ್ಟು, ‘ಇದು ಚೆನ್ನಾಗಿದೆ’ ಎಂದರು. ಒಂದೇ ಸಿರಪ್ ಒಂದು ಬಣ್ಣಕ್ಕೆ ಕಡಿಮೆ, ಇನ್ನೊಂದಕ್ಕೆ ಜಾಸ್ತಿ ಹೇಗಾಗುತ್ತದೆ? ನಮ್ಮ ಸಿರಪ್ ಕೆಟ್ಟಿದೆಯಾ? ಲೇಬಲ್ ಮೇಲೆ 85% ಹಾಕಬಹುದಾ? ಟೆಸ್ಟಿಗೆ ಹಾಕುವ ಬಣ್ಣ ವಿಷ ಅಂತ ಒಬ್ಬರು ಹೆದರಿಸಿದ್ದಾರೆ. ಇನ್ನೊಂದು ವಿಷಯ: ಮಾರಿಕಾಂಬಾ ಜಾತ್ರೆಯಲ್ಲಿ ಒಬ್ಬರು ನೀರಿಗೆ ಅಯೋಡಿನ್ ಹಾಕಿ, ಅದಕ್ಕೆ ತಮ್ಮ ಪುಡಿ ಬೆರೆಸಿ ಬಣ್ಣ ಹೋಗಿಸಿ ತೋರಿಸುತ್ತಿದ್ದರು. ನಮ್ಮ ಸ್ಟಾಲಿನಲ್ಲೂ ಹಾಗೆ ತೋರಿಸಬಹುದಾ?

ಉತ್ತರ: ಎರಡೂ ವರದಿಗಳ ಫೋಟೊ ಕಳಿಸಿದ್ದು ಒಳ್ಳೆಯದಾಯಿತು. ಬರೀ ಸಂಖ್ಯೆ ಕಳಿಸಿದ್ದರೆ ನಾನು ಇಷ್ಟು ಹೇಳಲು ಆಗುತ್ತಿರಲಿಲ್ಲ. ನಿಮ್ಮ ಮುಖ್ಯ ಚಿಂತೆ ಸಿರಪ್ ಕೆಟ್ಟಿತೇನೋ ಎನ್ನುವುದು, ಅಲ್ವಾ? ಈ ಎರಡು ಕಾಗದ ನೋಡಿ ಹಾಗೆ ಹೇಳಲು ಬರುವುದಿಲ್ಲ. ಕೆಟ್ಟಿಲ್ಲ ಎಂದೂ ಹೇಳಲು ಬರುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ವಿಷದ ಹೆದರಿಕೆ ಮುಗಿಸೋಣ. ಟೆಸ್ಟಿಗೆ ಹಾಕುವ ನೇರಳೆ ಬಣ್ಣದ ಡಿಪಿಪಿಎಚ್ ಲ್ಯಾಬಿನ ರಾಸಾಯನಿಕ, ತಿನ್ನುವ ವಸ್ತು ಅಲ್ಲ, ಅದು ನಿಜ. ಆದರೆ ಅದು ನಿಮ್ಮ ಬಾಟಲಿಗೆ ಬರುವುದೇ ಇಲ್ಲ. ಲ್ಯಾಬಿನವರು ನಿಮ್ಮ ಸಿರಪ್ಪಿನ ಕೆಲವು ಹನಿ ತೆಗೆದು ಬೇರೆ ಗಾಜಿನ ಕೊಳವೆಯಲ್ಲಿ ಬಣ್ಣದ ಜೊತೆ ಬೆರೆಸುತ್ತಾರೆ. ಅಳತೆ ಆದ ಮೇಲೆ ಅದನ್ನು ಚೆಲ್ಲುತ್ತಾರೆ. ನೀವು ಮಾರುವ ಸಿರಪ್ಪಿಗೂ ಆ ಬಣ್ಣಕ್ಕೂ ಸಂಬಂಧವೇ ಇಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ದೊಡ್ಡದು. ‘85%’ ಅಂದ ಕೂಡಲೇ ಸಿರಪ್ಪಿನಲ್ಲಿ ನೂರಕ್ಕೆ 85 ಭಾಗ ಆಂಟಿಆಕ್ಸಿಡೆಂಟ್ ಇದೆ ಎಂದು ಜನ ತಿಳಿಯುತ್ತಾರೆ. ಆ 85 ನಿಮ್ಮ ಸಿರಪ್ಪಿನದ್ದಲ್ಲ, ಲ್ಯಾಬಿನ ಬಣ್ಣದ್ದು. ಕೊಳವೆಯಲ್ಲಿ ಇದ್ದ ಬಣ್ಣದಲ್ಲಿ 85 ಭಾಗ ಮಾಯವಾಯಿತು, 15 ಭಾಗ ಉಳಿಯಿತು. ಅಷ್ಟೇ. ಸಿರಪ್ಪನ್ನು ಎರಡು ಪಟ್ಟು ಹಾಕಿದ್ದರೆ 170 ಬರುತ್ತಿರಲಿಲ್ಲ, 90ರ ಆಸುಪಾಸು ಎಲ್ಲೋ ನಿಲ್ಲುತ್ತಿತ್ತು. ಅರ್ಧ ಹಾಕಿದ್ದರೆ 50 ಬರಬಹುದಿತ್ತು. ಎಷ್ಟು ಸಿರಪ್ ಹಾಕಿದರು ಎಂದು ಹೇಳದೆ ಕೊಟ್ಟ ಶೇಕಡಾ ಸಂಖ್ಯೆಗೆ ಅರ್ಥವೇ ಇಲ್ಲ. ನಿಮ್ಮ ಆಗಸ್ಟ್ ವರದಿಯಲ್ಲಿ ಅದು ಬರೆದಿಲ್ಲ.

ಈಗ ಆ ಬಣ್ಣಗಳ ಸಂಗತಿಗೆ ಬರುತ್ತೇನೆ. ಆಕ್ಸಿಡೆಂಟ್ ಅಂದರೆ ಬೇರೆ ಅಣುವಿನಿಂದ ಎಲೆಕ್ಟ್ರಾನ್ ಕಸಿಯುವ ವಸ್ತು. ಆಂಟಿಆಕ್ಸಿಡೆಂಟ್ ಅಂದರೆ ಸುಲಭವಾಗಿ ಎಲೆಕ್ಟ್ರಾನನ್ನೋ ಹೈಡ್ರೋಜನ್ ಪರಮಾಣುವನ್ನೋ ಬಿಟ್ಟುಕೊಟ್ಟು ಆ ಕಸಿಯುವಿಕೆಯನ್ನು ಅಲ್ಲಿಗೇ ನಿಲ್ಲಿಸುವ ವಸ್ತು. ಈ ಕೊಡುಕೊಳ್ಳುವಿಕೆ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಕಾಣಿಸಲು ಬಣ್ಣ ಬೇಕು. ಎಲೆಕ್ಟ್ರಾನ್ ಬಂದರೆ ಅಥವಾ ಹೋದರೆ ಕೆಲವು ಅಣುಗಳ ಬಣ್ಣವೇ ಬದಲಾಗುತ್ತದೆ. ಆ ಬದಲಾವಣೆಯನ್ನು ಯಂತ್ರ ಅಳೆಯುತ್ತದೆ.

ಡಿಪಿಪಿಎಚ್‌ನಲ್ಲಿ ಬಣ್ಣವೇ ಆಕ್ಸಿಡೆಂಟ್. ಅದರ ನಡುವಿನ ಒಂದು ನೈಟ್ರೋಜನ್ ಮೇಲೆ ಜೋಡಿ ಇಲ್ಲದ ಒಂಟಿ ಎಲೆಕ್ಟ್ರಾನ್ ಇದೆ. ಇಂಥ ಅಣುಗಳಿಗೆ ಫ್ರೀ ರ್‍ಯಾಡಿಕಲ್ ಎನ್ನುತ್ತೇವೆ. ಹೆಚ್ಚಿನ ಫ್ರೀ ರ್‍ಯಾಡಿಕಲ್‌ಗಳು ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತವೆ. ಇದು ಮಾತ್ರ ಬಾಟಲಿಯಲ್ಲಿ ಪುಡಿಯಾಗಿ ಉಳಿಯುತ್ತದೆ. ಒಂಟಿ ಎಲೆಕ್ಟ್ರಾನ್ ಇಡೀ ಅಣುವಿನ ಮೇಲೆ ಹರಡಿಕೊಂಡಿರುತ್ತದೆ, ಸುತ್ತ ದೊಡ್ಡ ದೊಡ್ಡ ಬೆಂಜೀನ್ ಉಂಗುರಗಳು ಕಾವಲಿಗೆ ಇರುತ್ತವೆ. 1922ರಲ್ಲೇ ಇದು ಗೊತ್ತಿತ್ತು, ಆಂಟಿಆಕ್ಸಿಡೆಂಟ್ ಅಳೆಯುವ ವಿಧಾನವಾಗಿ 1958ರಲ್ಲಿ ಪ್ರಕಟವಾಯಿತು. ಸುಮಾರು 4 ಮಿಲಿಗ್ರಾಂ ಪುಡಿಯನ್ನು 100 ಮಿಲಿಲೀಟರ್ ಮೆಥನಾಲಿನಲ್ಲಿ ಕರಗಿಸಿದರೆ ಕಡು ನೇರಳೆ ದ್ರಾವಣ ಸಿಗುತ್ತದೆ. ಅದಕ್ಕೆ ವಿಟಮಿನ್ ಸಿ ಹಾಕಿ ನೋಡಿ, ಒಂದು ನಿಮಿಷದೊಳಗೆ ನೇರಳೆ ಹೋಗಿ ತೆಳು ಹಳದಿ ಆಗುತ್ತದೆ. ಒಂಟಿ ಎಲೆಕ್ಟ್ರಾನಿಗೆ ಜೋಡಿ ಸಿಕ್ಕಿತು, ಬಣ್ಣ ಹೋಯಿತು. ವಿಟಮಿನ್ ಸಿಯ ಒಂದು ಅಣು ಹೀಗೆ ಸುಮಾರು ಎರಡು ಡಿಪಿಪಿಎಚ್ ಅಣುಗಳನ್ನು ತಣಿಸುತ್ತದೆ.

ಎಲ್ಲ ಆಂಟಿಆಕ್ಸಿಡೆಂಟುಗಳೂ ಇಷ್ಟು ಬೇಗ ಕೆಲಸ ಮಾಡುವುದಿಲ್ಲ. ಡಿಪಿಪಿಎಚ್‌ನ ಆ ನೈಟ್ರೋಜನ್ ಹತ್ತಿರ ಹೋಗುವುದು ಮುಳ್ಳುಬೇಲಿಯ ಸಂದಿಯಲ್ಲಿ ಕೈ ತೂರಿಸಿದ ಹಾಗೆ: ಮಗುವಿನ ಕೈ ಹೋಗುತ್ತದೆ, ದೊಡ್ಡವರ ಕೈ ಸಿಕ್ಕಿಕೊಳ್ಳುತ್ತದೆ. ಎಣ್ಣೆ ಹಳಸದಂತೆ ಹಾಕುವ ಬಿಎಚ್‌ಟಿ ಎಂಬ ವಸ್ತು ಒಳ್ಳೆಯ ಆಂಟಿಆಕ್ಸಿಡೆಂಟೇ. ಆದರೂ ಈ ಟೆಸ್ಟಿನಲ್ಲಿ ಅದಕ್ಕೆ ಗಂಟೆಗಟ್ಟಲೆ ಬೇಕು. ಅರ್ಧ ಗಂಟೆಗೆ ಅಳೆದು ಮುಗಿಸಿದರೆ ಅದು ದುರ್ಬಲ ಎಂದು ವರದಿ ಬರುತ್ತದೆ. ಹುಳಿಯೂ ಅಡ್ಡಿ ಮಾಡುತ್ತದೆ. ಹುಳಿ ಜಾಸ್ತಿ ಇದ್ದರೆ ಹಣ್ಣಿನ ಪಾಲಿಫಿನಾಲುಗಳು ಎಂಬ ಆಂಟಿಆಕ್ಸಿಡೆಂಟುಗಳು ಡಿಪಿಪಿಎಚ್ ಜೊತೆ ನಿಧಾನವಾಗಿ ವರ್ತಿಸುತ್ತವೆ. ಮುರುಗಲ ಎಷ್ಟು ಹುಳಿ ಎಂದು ನಿಮಗೆ ನಾನು ಹೇಳಬೇಕಾ?

ಎಬಿಟಿಎಸ್ ದಾರಿ ಬೇರೆ. ಅದರ ದ್ರಾವಣಕ್ಕೆ ಮೊದಲು ಬಣ್ಣವೇ ಇಲ್ಲ ಎನ್ನಬಹುದು. ಅದಕ್ಕೆ ಪೊಟ್ಯಾಸಿಯಂ ಪರ್ಸಲ್ಫೇಟ್ ಎಂಬ ಆಕ್ಸಿಡೆಂಟ್ ಹಾಕಿ ಸಂಜೆ ಕತ್ತಲೆ ಕಪಾಟಿನಲ್ಲಿ ಇಡುತ್ತೇವೆ. ಪರ್ಸಲ್ಫೇಟ್ ಒಂದೊಂದೇ ಎಬಿಟಿಎಸ್ ಅಣುವಿನಿಂದ ಒಂದು ಎಲೆಕ್ಟ್ರಾನ್ ಕಸಿಯುತ್ತಾ ಹೋಗುತ್ತದೆ. ಕಳೆದುಕೊಂಡ ಅಣು ಧನ ಆವೇಶದ ರ್‍ಯಾಡಿಕಲ್ ಆಗುತ್ತದೆ, ಅದರ ಬಣ್ಣ ನೀಲಿ ಹಸಿರು. 12ರಿಂದ 16 ಗಂಟೆ ಬಿಟ್ಟು ಬೆಳಗ್ಗೆ ಕಪಾಟು ತೆಗೆದರೆ ಬಾಟಲಿ ಕಡು ಬಣ್ಣಕ್ಕೆ ತಿರುಗಿರುತ್ತದೆ. ಅಳತೆಯೂ ಲೆಕ್ಕಾಚಾರದ್ದು: 7 ಮಿಲಿಮೋಲಾರ್ ಎಬಿಟಿಎಸ್ಸಿಗೆ 2.45 ಮಿಲಿಮೋಲಾರ್ ಪರ್ಸಲ್ಫೇಟ್ (ದ್ರಾವಣದಲ್ಲಿ ಅಣುಗಳು ಎಷ್ಟು ದಟ್ಟವಾಗಿವೆ ಎಂಬ ಅಳತೆ ಮಿಲಿಮೋಲಾರ್). ಒಂದು ಪರ್ಸಲ್ಫೇಟ್ ಎರಡು ಎಬಿಟಿಎಸ್ಸಿಗೆ ಸಾಲುತ್ತದೆ. ಹಾಗಾಗಿ 7ರಲ್ಲಿ 4.9 ಮಾತ್ರ ಬಣ್ಣಕ್ಕೆ ತಿರುಗುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಬೇಕೆಂದೇ ಹೀಗೆ ಮಾಡಿದ್ದು. ಪರ್ಸಲ್ಫೇಟ್ ಪೂರ್ತಿ ಖರ್ಚಾಗಬೇಕು. ಅದು ಉಳಿದರೆ ನಿಮ್ಮ ಸಿರಪ್ಪಿನ ಆಂಟಿಆಕ್ಸಿಡೆಂಟನ್ನು ಬಣ್ಣಕ್ಕಿಂತ ಮೊದಲು ತಾನೇ ತಿನ್ನುತ್ತದೆ, ಅಥವಾ ಹೋದ ಬಣ್ಣವನ್ನು ಮತ್ತೆ ಹುಟ್ಟಿಸುತ್ತದೆ. ಅವಸರದ ಲ್ಯಾಬುಗಳಲ್ಲಿ ಈ ಅಳತೆ ಹೆಚ್ಚುಕಡಿಮೆ ಆಗುವುದನ್ನು ನೋಡಿದ್ದೇನೆ. ಸಂಖ್ಯೆಗಳು ಆಗ ದಿನಕ್ಕೊಂದು ರೀತಿ ಬರುತ್ತವೆ.

ಮೂರನೆಯ ಬಗೆಯ ಬಣ್ಣವೂ ಇದೆ. ಫ್ಲೋರೆಸಿನ್ ಎಂಬ ಹೊಳೆಯುವ ಬಣ್ಣದ ಮೇಲೆ ಆಕ್ಸಿಡೆಂಟ್ ಬಿಡುತ್ತಾರೆ, ಅದು ನಂದುತ್ತಾ ಹೋಗುತ್ತದೆ. ಹಣ್ಣಿನ ರಸ ಅದನ್ನು ಎಷ್ಟು ಹೊತ್ತು ಕಾಯಿತು ಎಂದು ಅಳೆಯುತ್ತಾರೆ. ನಿಮ್ಮ ವರದಿಯಲ್ಲಿ ಅದಿಲ್ಲ, ಇಲ್ಲಿಗೆ ಸಾಕು.

ಇಷ್ಟು ಗೊತ್ತಾದರೆ ನಿಮ್ಮ 85 ಮತ್ತು 60ರ ಕಥೆ ಬಿಡಿಸಬಹುದು. ಡಿಪಿಪಿಎಚ್‌ನ ನೇರಳೆಯನ್ನು ಯಂತ್ರ 517 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ನೋಡುತ್ತದೆ. ಮುರುಗಲ ಕೆಂಪು ಆಂಥೋಸಯನಿನ್ ಎಂಬ ಬಣ್ಣದಿಂದ ಬಂದದ್ದು. ಹುಳಿ ದ್ರಾವಣದಲ್ಲಿ ಅದು ಬೆಳಕು ಹೀರುವುದೂ 520ರ ಆಸುಪಾಸಿನಲ್ಲೇ! ಯಂತ್ರ ಎಲ್ಲಿ ನೋಡುತ್ತದೋ ಅಲ್ಲೇ ನಿಮ್ಮ ಸಿರಪ್ ಅಡ್ಡ ನಿಂತಿದೆ. ಲ್ಯಾಬಿನ ಬಣ್ಣ ಯಾವುದು, ಮುರುಗಲ ಬಣ್ಣ ಯಾವುದು ಎಂದು ಯಂತ್ರಕ್ಕೆ ತಿಳಿಯುವುದಿಲ್ಲ.

ಒಂದು ಉದಾಹರಣೆ ಹಾಕೋಣ. ಸಿರಪ್ ಹಾಕದ ನೇರಳೆ ದ್ರಾವಣದ ರೀಡಿಂಗ್, ಅಂದರೆ ಅದು ಎಷ್ಟು ಬೆಳಕು ಹೀರಿತು ಎಂಬ ಅಳತೆ, 1.00. ಸಿರಪ್ ಹಾಕಿ ಅರ್ಧ ಗಂಟೆ ಕಳೆದ ಮೇಲೆ ಉಳಿದ ನೇರಳೆ 0.15. ಅಂದರೆ 85% ಹೋಯಿತು. ಆದರೆ ಸಿರಪ್ಪಿನ ಸ್ವಂತ ಕೆಂಪು 0.25 ಇದೆ ಎಂದುಕೊಳ್ಳಿ. ಯಂತ್ರ ಎರಡನ್ನೂ ಕೂಡಿಸಿ 0.40 ತೋರಿಸುತ್ತದೆ. ಅದನ್ನೇ ಲೆಕ್ಕಕ್ಕೆ ಹಿಡಿದರೆ 60% ಬರುತ್ತದೆ. ಅದೇ ಸಿರಪ್, ಅದೇ ಬಣ್ಣ, ಬರೀ ಲೆಕ್ಕ ಬೇರೆ. ಇದನ್ನು ತಪ್ಪಿಸಲು ಡಿಪಿಪಿಎಚ್ ಇಲ್ಲದೆ ಸಿರಪ್ ಮತ್ತು ಮೆಥನಾಲ್ ಮಾತ್ರ ಇರುವ ಇನ್ನೊಂದು ಕೊಳವೆ ಇಟ್ಟು, ಅದರ ರೀಡಿಂಗ್ ಕಳೆಯಬೇಕು. ಇದಕ್ಕೆ ಸ್ಯಾಂಪಲ್ ಬ್ಲ್ಯಾಂಕ್ ಎನ್ನುತ್ತೇವೆ. ನಿಮ್ಮ ಮೇ ವರದಿಯ ಕೆಳಗಡೆ ಸಣ್ಣ ಅಕ್ಷರದಲ್ಲಿ ಬ್ಲ್ಯಾಂಕ್ ಕಳೆದಿದ್ದೇವೆ ಎಂದು ಬರೆದಿದೆ. ಆಗಸ್ಟ್ ವರದಿಯಲ್ಲಿ ಆ ಮಾತಿಲ್ಲ. ನನ್ನ ಮೊದಲ ಅನುಮಾನ ಅಲ್ಲೇ. ಸಿರಪ್ಪಿನ ಪೆಕ್ಟಿನ್, ಅಂದರೆ ಹಣ್ಣಿನ ಅಂಟು, ಮೆಥನಾಲಿಗೆ ಬಿದ್ದಾಗ ಒಡೆದು ಮಬ್ಬಾಗುವುದೂ ಇದೆ. ಮಬ್ಬಿದ್ದರೂ ರೀಡಿಂಗ್ ಏರುತ್ತದೆ, ಶೇಕಡಾ ಇಳಿಯುತ್ತದೆ.

ಎಬಿಟಿಎಸ್ಸಿಗೆ ಈ ತೊಂದರೆ ಇಲ್ಲ. ಅದನ್ನು 734 ನ್ಯಾನೋಮೀಟರಿನಲ್ಲಿ ಅಳೆಯುತ್ತಾರೆ, ಮುರುಗಲ ಕೆಂಪು ಅಲ್ಲಿಗೆ ಬರುವುದೇ ಇಲ್ಲ. ಅದು ನೀರಿನಲ್ಲೂ ಕೆಲಸ ಮಾಡುತ್ತದೆ, ಪೆಕ್ಟಿನ್ ಒಡೆಯುವುದಿಲ್ಲ. ದೊಡ್ಡ ಅಣುಗಳಿಗೂ ಅದರ ಹತ್ತಿರ ಹೋಗುವುದು ಸುಲಭ. ಹಾಗಾಗಿ ಒಂದೇ ಬಾಟಲಿ ಡಿಪಿಪಿಎಚ್‌ನಲ್ಲಿ ಸಾಧಾರಣ, ಎಬಿಟಿಎಸ್ಸಿನಲ್ಲಿ ಚೆನ್ನಾಗಿ ಕಾಣುವುದು ಆಶ್ಚರ್ಯವೇನಲ್ಲ. ಆಗಸ್ಟ್ ವರದಿಯಲ್ಲಿ ಎಬಿಟಿಎಸ್ ಸಂಖ್ಯೆಯ ಜೊತೆ ಇರುವ ಟ್ರೋಲಾಕ್ಸ್ ಅಂದರೆ ವಿಟಮಿನ್ ಇಗೆ ಹತ್ತಿರದ, ನೀರಿನಲ್ಲಿ ಕರಗುವ ಒಂದು ವಸ್ತು. ಇಷ್ಟು ಸಿರಪ್ ಇಷ್ಟು ಟ್ರೋಲಾಕ್ಸ್ ಮಾಡಿದಷ್ಟು ಕೆಲಸ ಮಾಡಿತು ಎಂದು ಹೋಲಿಸಿ ಹೇಳುತ್ತಾರೆ. ಬರೀ ಶೇಕಡಾಕ್ಕಿಂತ ಇದು ಎಷ್ಟೋ ವಾಸಿ.

ಆದರೆ ಎಬಿಟಿಎಸ್ ತುಂಬಾ ಉದಾರಿ. ಎಲೆಕ್ಟ್ರಾನ್ ಕೊಡುವವರು ಯಾರಾದರೂ ಸರಿ, ಅದು ಬಣ್ಣ ಕಳೆದುಕೊಳ್ಳುತ್ತದೆ. ನೀವು ಕೆಡದಂತೆ ಏನು ಹಾಕುತ್ತೀರಿ ಎಂದು ಪತ್ರದಲ್ಲಿ ಬರೆದಿಲ್ಲ. ಕೆಎಂಎಸ್, ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಲೇಬಲ್ಲಿನಲ್ಲಿ ಐಎನ್‌ಎಸ್ 224 ಎಂದು ಬರೆಯುತ್ತಾರಲ್ಲ, ಅದನ್ನು ಹಾಕಿದ್ದರೆ ಅದರ ಸಲ್ಫೈಟ್ ತಾನೇ ಈ ಬಣ್ಣಗಳನ್ನು ತಣಿಸುತ್ತದೆ. ಅಳೆದದ್ದು ಮುರುಗಲ ಗುಣವೋ ಪ್ರಿಸರ್ವೇಟಿವ್ ಗುಣವೋ ಎಂದು ಹೇಳಲು ಬರುವುದಿಲ್ಲ. ಅಲ್ಲದೆ ಸಲ್ಫೈಟ್ ಮುರುಗಲ ಕೆಂಪನ್ನೂ ಮಂಕು ಮಾಡುತ್ತದೆ. ಅದಕ್ಕೇ ಕೆಂಪು ಹಣ್ಣಿನ ರಸಗಳಿಗೆ ಸೋಡಿಯಂ ಬೆಂಜೊಯೇಟ್ ಹಾಕುವ ರೂಢಿ. ವಿಟಮಿನ್ ಸಿ ಸೇರಿಸಿದ್ದರೂ ಇದೇ ಕಥೆ: ಸಂಖ್ಯೆ ಏರುತ್ತದೆ, ಅದಕ್ಕೆ ಕಾರಣ ನಿಮ್ಮ ಬೆಟ್ಟದ ಹಣ್ಣಲ್ಲ.

ಸಿರಪ್ಪಿನಲ್ಲಿ ನಿಜವಾಗಿಯೂ ಏನಾದರೂ ಕಡಿಮೆ ಆಗಿರಬಹುದಾ? ಆಗಿರಬಹುದು. ಮೇ ಬ್ಯಾಚಿಗೆ ತಾಜಾ ಹಣ್ಣು ಸಿಕ್ಕಿರುತ್ತದೆ. ಆಗಸ್ಟ್ ಬ್ಯಾಚು ಮಾಡಿದ್ದು ಒಣಗಿಸಿಟ್ಟ ಸಿಪ್ಪೆಯಿಂದಲೋ ಶೇಖರಿಸಿಟ್ಟ ರಸದಿಂದಲೋ ಇರಬೇಕು, ಆ ಹೊತ್ತಿಗೆ ಬೆಟ್ಟದಲ್ಲಿ ಹಣ್ಣು ಇರುವುದಿಲ್ಲ. ಮಳೆ ಹಿಡಿದ ಮೇಲೆ ಸಿಪ್ಪೆ ಸರಿಯಾಗಿ ಒಣಗುವುದಿಲ್ಲ. ಹೊಗೆ ಅಟ್ಟದ ಮೇಲೆ ಹಾಕಿದರೆ ಶಾಖ ಹೆಚ್ಚು. ಆಂಥೋಸಯನಿನ್ನಿಗೆ ಶಾಖ, ಬೆಳಕು, ಗಾಳಿ ಮೂರೂ ಆಗಿಬರುವುದಿಲ್ಲ, ಕೆಂಪು ಹೋಗಿ ಕಂದಾಗುತ್ತದೆ. ಕಬ್ಬಿಣ, ತಾಮ್ರದ ಪಾತ್ರೆ ಬಳಸಿದರೆ ಆ ಲೋಹಗಳು ಆಕ್ಸಿಡೇಶನ್ನನ್ನು ಚುರುಕು ಮಾಡುತ್ತವೆ. ಸ್ಟೀಲ್ ಪಾತ್ರೆ ಒಳ್ಳೆಯದು. ಕಾರವಾರದ ಕಡೆ ಸೋಲ್ ಕಡಿ ಎಂಬ ಮುರುಗಲ ಪಾನೀಯಕ್ಕೆ ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ ಹಿಂಡುತ್ತಾರೆ, ಕುದಿಸುವುದಿಲ್ಲ. ಬಣ್ಣದ ದೃಷ್ಟಿಯಿಂದ ಅದು ಜಾಣತನ. ಸಿರಪ್ಪಿಗೆ ನೀವು ಕಾಯಿಸಲೇಬೇಕು, ಎಷ್ಟು ಹೊತ್ತು ಎನ್ನುವುದು ನಿಮ್ಮ ಕೈಯಲ್ಲಿದೆ.

ಇಳಿದದ್ದು ಸಿರಪ್ಪೋ ಲೆಕ್ಕವೋ ತಿಳಿಯಲು ಒಂದೇ ದಾರಿ. ಮೇ ಬಾಟಲಿ ಒಂದು ಉಳಿದಿದ್ದರೆ ಅದನ್ನೂ ಆಗಸ್ಟ್ ಬಾಟಲಿಯನ್ನೂ ಒಂದೇ ಲ್ಯಾಬಿಗೆ, ಒಂದೇ ದಿನ ಕೊಡಿ. ಬೇರೆ ಲ್ಯಾಬಿನ, ಬೇರೆ ತಿಂಗಳ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಡಬೇಡಿ.

ಇನ್ನು ಲೇಬಲ್. 85% ಎಂದು ಹಾಕಬೇಡಿ. ಮೇ ಬ್ಯಾಚಿಗೇ ಆದರೂ ಬೇಡ. ಓದುವವರು ಅದನ್ನು ಬಾಟಲಿಯ ಪ್ರಮಾಣ ಎಂದೋ ದೇಹಕ್ಕೆ ಸಿಗುವ ಲಾಭ ಎಂದೋ ತಿಳಿಯುತ್ತಾರೆ, ಎರಡೂ ಸುಳ್ಳು. ಆಹಾರದ ಜಾಹೀರಾತು ಮತ್ತು ಘೋಷಣೆಗಳ ಬಗ್ಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರಲ್ಲಿ ನಿಯಮ ತಂದಿದೆ. ಹೇಳಿಕೆ ನಿಜವಾಗಿರಬೇಕು, ದಾರಿ ತಪ್ಪಿಸಬಾರದು, ಆರೋಗ್ಯದ ಮಾತಾಡಿದರೆ ವೈಜ್ಞಾನಿಕ ಆಧಾರ ಇರಬೇಕು. ಕೊಳವೆಯಲ್ಲಿ ಬಣ್ಣ ಹೋದದ್ದು ದೇಹಕ್ಕೆ ಆಧಾರ ಆಗುವುದಿಲ್ಲ. ಡಿಪಿಪಿಎಚ್ಚೂ ಇಲ್ಲ, ಎಬಿಟಿಎಸ್ಸೂ ಇಲ್ಲ ನಮ್ಮ ದೇಹದಲ್ಲಿ. ಕುಡಿದ ಆಂಥೋಸಯನಿನ್ನಿನಲ್ಲಿ ರಕ್ತಕ್ಕೆ ಹಾಗೇ ಹೋಗುವುದು ತೀರಾ ಸ್ವಲ್ಪ, ಉಳಿದದ್ದು ಹೊಟ್ಟೆ ಕರುಳಿನಲ್ಲಿ ಬೇರೆ ರೂಪಕ್ಕೆ ತಿರುಗುತ್ತದೆ. ಅಮೆರಿಕದ ಕೃಷಿ ಇಲಾಖೆ ಹಿಂದೆ ನೂರಾರು ಆಹಾರಗಳ ಇಂಥ ಸಂಖ್ಯೆಗಳ ಪಟ್ಟಿ ಪ್ರಕಟಿಸಿತ್ತು, ಮೇಲೆ ಹೇಳಿದ ಹೊಳೆಯುವ ಬಣ್ಣದ ವಿಧಾನದ್ದು. ಕಂಪನಿಗಳು ಅದನ್ನು ಹಿಡಿದು ಮಾರಾಟಕ್ಕೆ ಹೊರಟವು. 2012ರಲ್ಲಿ ಇಲಾಖೆ ಆ ಪಟ್ಟಿಯನ್ನೇ ತೆಗೆದುಹಾಕಿತು. ನಿಮ್ಮ ಸಿರಪ್ ಒಳ್ಳೆಯ ಪಾನೀಯ. ಅದನ್ನು ಮಾರಲು ಈ ಸಂಖ್ಯೆ ಬೇಕಾಗಿಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಬೆಟ್ಟದ ಹಣ್ಣು, ಕೃತಕ ಬಣ್ಣ ಹಾಕಿಲ್ಲ, ಇಂಥ ದಿನ ಮಾಡಿದ್ದು: ನಿಜವಾಗಿದ್ದರೆ ಇಷ್ಟು ಬರೆದರೂ ಜನ ಕೊಳ್ಳುತ್ತಾರೆ.

ದೊಡ್ಡ ಖರೀದಿದಾರರು ವರದಿ ಕೇಳುವುದುಂಟು. ಆಗ ಮಾಡಿಸಿ, ಆದರೆ ಸರಿಯಾಗಿ ಮಾಡಿಸಿ. ಎಷ್ಟು ಸಿರಪ್ ಹಾಕಿದರು, ಎಷ್ಟು ನಿಮಿಷಕ್ಕೆ ಅಳೆದರು, ಸ್ಯಾಂಪಲ್ ಬ್ಲ್ಯಾಂಕ್ ಕಳೆದರಾ, 100 ಗ್ರಾಂಗೆ ಎಷ್ಟು ವಿಟಮಿನ್ ಸಿ ಅಥವಾ ಟ್ರೋಲಾಕ್ಸ್‌ಗೆ ಸಮ ಎಂದು ಬರೆದು ಕೊಡಿ ಎಂದು ಮೊದಲೇ ಕೇಳಿ. ಕೆಲವರು ಐಸಿ50 ಕೊಡುತ್ತಾರೆ. ಅರ್ಧ ಬಣ್ಣ ಹೋಗಲು ಎಷ್ಟು ಸಿರಪ್ ಬೇಕಾಯಿತು ಎನ್ನುವುದು ಅದು, ಹಾಗಾಗಿ ಅಲ್ಲಿ ಕಡಿಮೆ ಸಂಖ್ಯೆಯೇ ಒಳ್ಳೆಯದು. ಇದಕ್ಕೆಲ್ಲ ಖರ್ಚಿದೆ, ಬಂದ ಸಂಖ್ಯೆ ಆ ಒಂದು ಬ್ಯಾಚಿಗೆ ಮಾತ್ರ.

ಬ್ಯಾಚಿನಿಂದ ಬ್ಯಾಚಿಗೆ ಗುಣ ಕಾಯ್ದುಕೊಳ್ಳುವುದು ನಿಮ್ಮ ಉದ್ದೇಶವಾದರೆ ನಾನು ಬೇರೆ ಟೆಸ್ಟ್ ಹೇಳುತ್ತೇನೆ. ಸಿರಪ್ಪಿನ ಎರಡು ಭಾಗ ತೆಗೆದು ಒಂದನ್ನು ಪಿಎಚ್ 1.0ರಲ್ಲಿ, ಅಂದರೆ ತುಂಬಾ ಹುಳಿಯಲ್ಲಿ, ಇನ್ನೊಂದನ್ನು 4.5ರಲ್ಲಿ, ಅಂದರೆ ಕಡಿಮೆ ಹುಳಿಯಲ್ಲಿ ಇಡುತ್ತಾರೆ. ಮೊದಲನೆಯದರಲ್ಲಿ ಆಂಥೋಸಯನಿನ್ ಕೆಂಪಾಗಿ ಉರಿಯುತ್ತದೆ, ಎರಡನೆಯದರಲ್ಲಿ ಹೆಚ್ಚುಕಡಿಮೆ ಬಣ್ಣ ಕಳೆದುಕೊಳ್ಳುತ್ತದೆ. ಎರಡರ ವ್ಯತ್ಯಾಸದಿಂದ ಎಷ್ಟು ಆಂಥೋಸಯನಿನ್ ಚೆನ್ನಾಗಿ ಉಳಿದಿದೆ ಎಂದು ತಿಳಿಯುತ್ತದೆ. ಕಂದಾಗಿ ಹಾಳಾದ ಬಣ್ಣ ಎರಡರಲ್ಲೂ ಒಂದೇ ತರ ಇರುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ಕುದಿಸಿದ್ದು ಜಾಸ್ತಿಯಾಯಿತಾ, ಬಾಟಲಿಗೆ ಬೆಳಕು ಬಿತ್ತಾ ಎಂದು ಇದು ನೇರವಾಗಿ ಹೇಳುತ್ತದೆ. ಒಂದೇ ಕೊರತೆ: ನಿಮ್ಮ ಕಡೆಯ ಬಿಳಿ ಮುರುಗಲಿಗೆ ಇದು ನಡೆಯುವುದಿಲ್ಲ, ಅದರಲ್ಲಿ ಕೆಂಪು ಬಣ್ಣವೇ ಇಲ್ಲವಲ್ಲ.

ಜಾತ್ರೆಯ ಅಯೋಡಿನ್ ಆಟ ದಯವಿಟ್ಟು ಬೇಡ. ಅಯೋಡಿನ್ ಆಕ್ಸಿಡೆಂಟ್ ಹೌದು, ವಿಟಮಿನ್ ಸಿಯಿಂದ ಎಲೆಕ್ಟ್ರಾನ್ ಕಸಿದು ಬಣ್ಣವಿಲ್ಲದ ಅಯೋಡೈಡ್ ಆಗುವುದೂ ಹೌದು. ಆದರೆ ಎಲೆಯಡಿಕೆಗೆ ಹಚ್ಚುವ ಸುಣ್ಣದ ತಿಳಿನೀರು ಹಾಕಿದರೂ ಆ ಕಂದು ಬಣ್ಣ ಹೋಗುತ್ತದೆ. ಸುಣ್ಣ ಯಾವ ಆಂಟಿಆಕ್ಸಿಡೆಂಟೂ ಅಲ್ಲ. ಕ್ಷಾರದಲ್ಲಿ ಅಯೋಡಿನ್ ತನ್ನಷ್ಟಕ್ಕೇ ಬೇರೆ ರೂಪಕ್ಕೆ ಒಡೆಯುತ್ತದೆ, ಅಷ್ಟೇ. ಮೀನಿನ ತೊಟ್ಟಿಗೆ ಹಾಕುವ ಹೈಪೋ ಹರಳು ಕ್ಷಣದಲ್ಲಿ ಬಣ್ಣ ತೆಗೆಯುತ್ತದೆ. ದೇಹದ ವಿಷ ಹೀಗೆ ಹೋಗುತ್ತದೆ ಎಂದು ಅವರು ಹೇಳಿದ್ದರೆ ಅದು ಸುಳ್ಳು. ಜೊತೆಗೆ ತಿನ್ನುವ ವಸ್ತುವಿನ ಸ್ಟಾಲಿನಲ್ಲಿ ಗಾಯಕ್ಕೆ ಹಚ್ಚುವ ಅಯೋಡಿನ್ ಇಡುವುದೇ ಅಪಾಯ. ಮಕ್ಕಳು ನೀರು ಅಂತ ಆ ಲೋಟ ಎತ್ತಿಕೊಂಡರೆ?

ಮುಂದಿನ ಏಪ್ರಿಲ್, ಮೇ ಹಂಗಾಮಿನ ಮೊದಲ ಬ್ಯಾಚಿನಿಂದಲೇ ಎರಡು ಮೂರು ಬಾಟಲಿ ತೆಗೆದು, ಬಾಯಿವರೆಗೆ ತುಂಬಿಸಿ, ಮುಚ್ಚಳ ಬಿಗಿದು, ಕಾಗದ ಸುತ್ತಿ ಫ್ರಿಜ್ಜಿನಲ್ಲಿ ಇಡಿ. ಮೇಲೆ ತಾರೀಖು, ಎಷ್ಟು ನಿಮಿಷ ಕುದಿಸಿದಿರಿ, ಏನೇನು ಹಾಕಿದಿರಿ ಎಂದು ಬರೆಯಿರಿ. ಮಳೆಗಾಲದ ಬ್ಯಾಚನ್ನು ಲ್ಯಾಬಿಗೆ ಕೊಡುವಾಗ ಅದರಲ್ಲಿ ಒಂದನ್ನು ಜೊತೆಗೆ ಕೊಡಿ. ಕೆಎಂಎಸ್ ಹಾಕಿದ್ದರೆ ಲ್ಯಾಬಿನವರಿಗೆ ಮರೆಯದೆ ಹೇಳಿ.